ಅಣ್ಣನ ರಾಜದೂತದ ಚಾಸಿ

ಕರ್ರ್ ಕರ್ರ್, ತಂತಿ ಬ್ರಶ್ಶು ಕಬ್ಬಿಣದ ಮೇಲೆ ಹಲ್ಲು ಕಡಿಯುತ್ತಿದೆ, ತುಕ್ಕಿನ ಪುಡಿ ಮೂಗಿಗೆ, ಬಾಯಿಗೆ, ಉಗುಳಿದರೆ ಕೆಂಪು, ಕೆರೆ ಶಶಿಕಾಂತ, ಕೈ ನಿಲ್ಲಿಸಬೇಡ, ನಿಂತರೆ ನೆನಪಾಗುತ್ತದೆ. ಅಣ್ಣ ವೀರೇಂದ್ರನ ರಾಜದೂತ ಮೋಟಾರ್ ಸೈಕಲ್ಲು, ಆರು ವರ್ಷ ಠಾಣೆಯ ಹಿತ್ತಲಲ್ಲಿ ಮಳೆ ತಿಂದು ಬಿದ್ದಿತ್ತು, ಕೊಲೆ ಕೇಸಿನ ಮುದ್ದೇಮಾಲು ಎಂದು ಹ್ಯಾಂಡಲಿಗೆ ಚೀಟಿ ಕಟ್ಟಿದ್ದರು, ಹೋದ ತಿಂಗಳು ಹಾವೇರಿ ಕೋರ್ಟಿನಲ್ಲಿ ಆರೋಪಿಯೂ ಬಿಡುಗಡೆಯಾದ, ಗಾಡಿಯೂ ಬಿಡುಗಡೆಯಾಯಿತು. ಅಣ್ಣನ ಹೆಂಡತಿ ನಿರ್ಮಲಾ ವೈನಿ ಅದನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ನಮ್ಮೂರು ಹಲಗೇರಿಗೆ ತಂದು ನನ್ನ ಅಂಗಳದಲ್ಲೇ ಇಳಿಸಿದಳು — ಶಶಿ, ನಿಮ್ಮಣ್ಣನ ಗಾಡಿ ಓಡೂಹಂಗ ಮಾಡಿಕೊಡು, ನಾ ಹೊಡೀತೇನಿ. ಹೊಸ ಚಾಸಿ ನಮ್ಮ ಕೈಗೆಟುಕುವ ಮಾತಲ್ಲ, ಗಾಡಿ ಒಯ್ದರೆ ರಾಣೆಬೆನ್ನೂರಿನ ಮೆಕ್ಯಾನಿಕ್ ಇಸಾಕಸಾಬ ಇಂಜಿನನ್ನು ರಿಪೇರಿಗೆ ತಾನಿಟ್ಟುಕೊಂಡು ಬೋಳು ಚಾಸಿಯನ್ನು, ಬರೀ ಕಬ್ಬಿಣದ ಚೌಕಟ್ಟನ್ನು, ನನ್ನ ಹೆಗಲಿಗೇರಿಸಿದ, ಪೇಂಟಿನವರ ಕಡೆ ಹೋಗಬ್ಯಾಡೋ ತಮ್ಮಾ, ಸೀಮಿಎಣ್ಣಿ ಸವರಿ ಕೆರಿ, ಉಸುಕಿನ ಕಾಗದ ಹಚ್ಚಿ ತಿಕ್ಕು, ಮ್ಯಾಲ ರೆಡ್ ಆಕ್ಸೈಡ್ ಒಂದು ಡಬ್ಬಿ, ಕರೀ ಬಣ್ಣ ಒಂದು ಡಬ್ಬಿ, ಕೈಲೆ ಹೊಡದರೂ ನಡೀತೈತಿ, ಎಂದ. ಕೆರೆಯುತ್ತೇನೆ, ತುಕ್ಕು ಗಾಯದ ಹಕ್ಕಳೆಯಂತೆ ಏಳುತ್ತದೆ, ಅಂಗೈ ಹರಿದಿದೆ, ಹರಿಯಲಿ. ಅವತ್ತೂ ಇಂಥದೇ ಬಿಸಿಲು, ಬ್ಯಾಡಗಿ ಯಾರ್ಡಿನಿಂದ ಹೊರಟಿದ್ದೇವೆ, ಅಣ್ಣ ಮುಂದೆ, ನಾನು ಹಿಂದೆ, ಬೆಳಿಗ್ಗೆಯಷ್ಟೇ ಅಣ್ಣ ಮೆಣಸಿನಕಾಯಿ ದಲಾಲಿ ಸಿದ್ದಲಿಂಗಪ್ಪನ ಕಪಾಳಕ್ಕೆ ಬಾರಿಸಿದ್ದ, ತೂಕದಲ್ಲಿ ಮೋಸ ಮಾಡುವುದನ್ನು ಹಿಡಿದು, ಹಮಾಲರ ಎದುರಿಗೇ, ನಾನು ನಕ್ಕಿದ್ದೆ, ಹೌದು, ನಾನೇ ಜೋರಾಗಿ ನಕ್ಕಿದ್ದೆ. ಹಳ್ಳದ ಸೇತುವೆಯ ಮೇಲೆ ಜೀಪು ಅಡ್ಡ, ಸಿದ್ದಲಿಂಗಪ್ಪನ ಕೈಯಲ್ಲಿ ಹಾರೆ, ಮೊದಲ ಏಟು ಗಾಡಿಗೆ, ಇಬ್ಬರೂ ಉರುಳಿದೆವು, ಎರಡನೆಯದು ಅಣ್ಣನ ಮೊಣಕಾಲಿಗೆ, ಹಸಿ ಕಟ್ಟಿಗೆ ಮುರಿದ ಸಪ್ಪಳ, ಓಡೋ ಶಶಿ ಎಂದನೇ ಅಣ್ಣ, ಬಾರೋ ಶಶಿ ಎಂದನೇ, ಆರು ವರ್ಷದಿಂದ ಕಿವಿಗೊಟ್ಟಿದ್ದೇನೆ, ಇನ್ನೂ ತಿಳಿದಿಲ್ಲ. ಓಡಿದೆ, ನೀರು ಹಾಯಿಸಿದ ಮೆಣಸಿನ ಹೊಲದಲ್ಲಿ ಎದೆ ಊರಿ ಮಲಗಿದೆ, ಹಣ್ಣುಗಾಯಿಗಳ ಸಂದಿಯಿಂದ ನೋಡುತ್ತೇನೆ, ಹಾರೆ ಏಳುತ್ತದೆ, ಇಳಿಯುತ್ತದೆ, ಏಳುತ್ತದೆ, ಅಣ್ಣನ ಮುಖ ಮುಖವಾಗಿ ಉಳಿಯುವುದಿಲ್ಲ, ಆದರೂ ಹಾರೆ ಇಳಿಯುತ್ತದೆ.

ಮಣ್ಣು ಮಾಡಿದ ಮರುದಿನ, ಪೊಲೀಸರು ನನ್ನ ಹೇಳಿಕೆ ಬರೆದುಕೊಳ್ಳುವ ಮೊದಲೇ, ಸಿದ್ದಲಿಂಗಪ್ಪ ಮನೆಗೆ ಬಂದ, ಇನ್ನೂ ಅವನನ್ನು ಹಿಡಿದಿರಲಿಲ್ಲ, ಸಮಾಧಾನ ಹೇಳಾಕ ಬಂದೇನಪ್ಪಾ ಎಂದು ಕೂತ, ನಾಲ್ಕು ವರ್ಷದ ನನ್ನ ಮಗಳು ಶ್ವೇತಾಳನ್ನು ತೊಡೆಗೆ ಎಳೆದುಕೊಂಡ, ಕೂಸು ಭಾಳ ಚಂದ ಐತಲ್ಲೋ ಎನ್ನುತ್ತಲೇ ಕುಡುಗೋಲಿನಿಂದ ಅವಳ ಜಡೆ ಕೊಯ್ದು ನನ್ನ ಕೈಗೆ ಕೊಟ್ಟ. ಆಮೇಲೆ ಠಾಣೆಯಲ್ಲೂ ಕಟಕಟೆಯಲ್ಲೂ ವೈನಿಯ ಎದುರಿಗೂ ನನ್ನದು ಒಂದೇ ಮಾತು, ಗಾಡಿ ಬಿದ್ದಕೂಡ್ಲೇ ಎಚ್ಚರ ತಪ್ಪಿತ್ರಿ, ನಾ ಏನೂ ನೋಡಿಲ್ರಿ. ಕಣ್ಣಾರೆ ಕಂಡ ಸಾಕ್ಷಿಯಿಲ್ಲವೆಂದೇ ಕೋರ್ಟು ಸಿದ್ದಲಿಂಗಪ್ಪನನ್ನು ಬಿಟ್ಟಿತು. ಕೆರೆ, ಕೆರೆ — ಪೆಟ್ರೋಲ್ ಟಾಕಿಯ ಕೆಳಗಿನ ಪೈಪಿನಲ್ಲಿ ಏನಿದು, ತಗ್ಗು, ಹಾರೆಯ ಮೂತಿ ಕೂತ ಜಾಗ, ಏನಾದರೂ ಮೆತ್ತಿ ಬಣ್ಣ ಹೊಡೆದರೆ ಕಾಣುವುದಿಲ್ಲ, ಯಾರಿಗೂ ಕಾಣುವುದಿಲ್ಲ. ಅದೇನೋ ಶಶಿ, ವೈನಿಯ ದನಿ, ಯಾವಾಗ ಬಂದು ಬೆನ್ನ ಹಿಂದೆ ನಿಂತಳೋ, ಬಿದ್ದಾಗ ಕಲ್ಲಿಗೆ ಬಡದಿರಬೇಕ್ರಿ ವೈನಿ, ಎಂದೆ. ಅವಳು ಎದುರಿಗೆ ಕುಕ್ಕರಿಸಿದಳು, ದನಿ ಏರಿಸಲಿಲ್ಲ, ಅವತ್ತು ನಿನ್ನ ಅಂಗಿ ಒಗದಾಕಿ ನಾನು, ನಿಮ್ಮಣ್ಣನ ಮಗ್ಗಲಿಗೆ ಎಚ್ಚರ ತಪ್ಪಿ ಬಿದ್ದಾವನ ಅಂಗೀಗೆ ಒಂದು ಹನಿ ರಕ್ತ ಇರಲಿಲ್ಲ, ಎದಿ ತುಂಬ ಹೊಲದ ಕೆಸರಿತ್ತು, ಇವತ್ತ ಹೇಳತಾನ ನಾಳೆ ಹೇಳತಾನ ಅಂತ ಆರು ವರ್ಷ ಕಾದೇನಿ. ನನ್ನ ಬಾಯಿ ತಾನಾಗಿ ಬಿಚ್ಚಿತು, ಸಿದ್ದಲಿಂಗಪ್ಪರಿ, ಹಾರಿಲೆ ಹೊಡದ್ರಿ, ನಾ ಎಲ್ಲಾ ನೋಡೇನ್ರಿ — ಬ್ರಶ್ಶು ನನ್ನ ಕೈಯಿಂದ ಅವಳ ಕೈಗೆ ಹೋಯಿತು, ನನ್ನ ಕೆನ್ನೆ ಸೀಳಿತು, ಮತ್ತೆ, ಮತ್ತೆ, ಕಿವಿಯವರೆಗೂ, ಕೈ ಅಡ್ಡ ತರಲಿಲ್ಲ ನಾನು, ಹೊಡೀರಿ ವೈನಿ ಎನ್ನಲೂ ಇಲ್ಲ, ರಕ್ತ ಬಿಸಿಯಾಗಿ ಕುತ್ತಿಗೆಗಿಳಿಯಿತು, ಅಂಗಿಗಿಳಿಯಿತು. ತೇಕುತ್ತ ಅವಳೇ ನಿಂತಳು. ಸೋಮವಾರ ಬ್ಯಾಡಗಿ ಯಾರ್ಡ್ ಐತಿ, ಅಷ್ಟರೊಳಗ ಗಾಡಿ ಆಗಬೇಕು, ನಾ ಹೊಡೀತೇನಿ, ನೀ ಹಿಂದ ಕುಂಡರು, ಅವನ ಅಂಗಡಿ ಮುಂದ ನಿಲ್ಲಸ್ತೇನಿ, ಈಗ ಹೇಳಿದ್ದು ಹಮಾಲರೆಲ್ಲಾ ಕೇಳೂಹಂಗ ಅಲ್ಲಿ ಹೇಳಬೇಕು. ನನ್ನ ಕೊಲ್ತಾನ್ರಿ ವೈನಿ. ಕೊಂದರ ಶ್ವೇತಾನ್ನ ನಾ ಸಾಕತೇನಿ. ಅಂದಳು, ನನಗೆ ಭಯವಾಗಲಿಲ್ಲ, ಯಾಕೆ ಆಗಲಿಲ್ಲ. ಬಣ್ಣ ಹೊಡಿ, ಇದೊಂದನ್ನ ಮುಚ್ಚಬ್ಯಾಡ ಎನ್ನುತ್ತ ವೈನಿ ಹೆಬ್ಬೆರಳನ್ನು ಆ ತಗ್ಗಿನೊಳಗೆ ಇಟ್ಟಳು, ಒತ್ತಿದಳು, ರೆಡ್ ಆಕ್ಸೈಡ್ ತರಬೇಕು, ಇಂಜಿನು ಲಗೂ ಮಾಡೆಂದು ಇಸಾಕಸಾಬನಿಗೆ ಹೇಳಬೇಕು, ಅವಳು ಬೆರಳು ತೆಗೆಯುತ್ತಿಲ್ಲ, ಇವತ್ತು ಶುಕ್ರವಾರ, ಬಣ್ಣ ಒಣಗಲು ಒಂದು ದಿನ — ಬೆರಳು ತೆಗೆಯುತ್ತಿಲ್ಲ, ಹೊಳೆಯುವ ಕಬ್ಬಿಣ, ಅದರ ತಗ್ಗಿನಲ್ಲಿ ಉಗುರು ಬೆಳ್ಳಗಾಗುವಷ್ಟು ಒತ್ತಿದ ಹೆಬ್ಬೆರಳು, ವೈನಿಯ ಹೆಬ್ಬೆರಳು, ಹೆಬ್ಬೆರಳು