ಹಿಡಿಕೆಯ ಕೆಂಪು ದಾರ

ವಾರಕ್ಕೊಂದರಂತೆ ನಲವತ್ತೆಂಟು ಇಂಜೆಕ್ಷನ್ ಆಗಬೇಕಿತ್ತು. ನಲವತ್ತಾರಕ್ಕೇ ಡಾಕ್ಟರು ಸಾಕು ಎಂದರು.

"ಹೆಪಟೈಟಿಸ್ ಸಿ ವೈರಸ್ಸಿನ ಸುಳಿವೇ ಇಲ್ಲ. ಆದ್ರೆ ಈ ಔಷಧಿಗೆ ನಿಮ್ಮ ರಕ್ತಕಣಗಳು ತೀರಾ ಇಳಿದುಬಿಟ್ಟಿವೆ. ಉಳಿದೆರಡು ಬೇಡ, ನಿಲ್ಲಿಸೋಣ."

ಹನ್ನೊಂದು ತಿಂಗಳಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದ ಟೈಲರ್ ಏದುಸಿರು ಬಿಡುತ್ತಲೇ ಮೂರು ಮಹಡಿ ಹತ್ತಿ ಮನೆಗೆ ಬಂದ. ಜೇಬಿನಿಂದ ಪುಟ್ಟ ಕತ್ತರಿ ತೆಗೆದ. ಗಿರಾಕಿಗಳ ಬಟ್ಟೆ ಅದಲುಬದಲಾಗದಿರಲೆಂದು ಅವನು ಅಂಗಡಿಯಲ್ಲಿ ಬಣ್ಣದ ದಾರ ಕಟ್ಟುತ್ತಿದ್ದ. ರೋಗ ಗೊತ್ತಾದ ದಿನವೇ ಹೆಂಡತಿ ಆ ಉಪಾಯವನ್ನು ಮನೆಗೆ ತಂದು, ಅವನ ಕಾಫಿ ಕಪ್ಪಿನ ಹಿಡಿಕೆಗೆ ಕೆಂಪು ದಾರ ಕಟ್ಟಿದ್ದಳು. ಕಪ್ಪಿನಿಂದ ಅಂಟುವ ಕಾಯಿಲೆ ಇದಲ್ಲವೆಂದು ಡಾಕ್ಟರು ಬಡಕೊಂಡದ್ದೇ ಬಂತು.

"ಮುಗೀತು ಕಣೇ! ಕೊಡು ಆ ಕಪ್ಪನ್ನ, ದಾರ ಕತ್ತರಿಸ್ತೀನಿ."

"ಇನ್ನೂ ಎರಡು ಬಾಕಿ ಇದೆಯಲ್ಲ?"

"ಬೇಡ ಅಂದ್ರು ಡಾಕ್ಟ್ರು."

"ಅವರಿಗೇನು, ಅಂದುಬಿಡ್ತಾರೆ. ಮಕ್ಕಳಿರೋ ಮನೆ ಇದು. ಆ ಎರಡೂ ಆಗಿದ್ದಿದ್ರೆ ನಾನೇ ಬಿಚ್ಚಿಬಿಡ್ತಿದ್ದೆ."

ಅವನಿಗೆ ಮೈಯೆಲ್ಲ ಉರಿದುಹೋಯಿತು. ತಾನೇ ಅಡುಗೆಮನೆಗೆ ನುಗ್ಗಿ ಕಪ್ಪನ್ನು ಎತ್ತಿಕೊಂಡ. ತೊಳೆದು ತೊಳೆದು ಬಿಳಿಚಿಕೊಂಡಿದ್ದ ಹಳೆಯ ದಾರ ಅಲ್ಲಿರಲಿಲ್ಲ. ಬೆಳಿಗ್ಗೆ ಅವನು ಆಸ್ಪತ್ರೆಗೆ ಹೋಗಿದ್ದಾಗ ಹೊಸದು ಬಂದಿತ್ತು, ಗಟ್ಟಿ ನೈಲಾನಿನದು, ಕೆಂಡದಂಥ ಕೆಂಪು. ಗಂಟನ್ನು ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಮತ್ತೆ ಬಿಚ್ಚುವ ಮಾತೇ ಇಲ್ಲದ ಕಡೆ ಹಾಕು ಅಂತ ಅವನೇ ಅವಳಿಗೆ ಕಲಿಸಿಕೊಟ್ಟಿದ್ದ ಗಂಟು.