ಬಡಬಡಿಕೆ ಎಂದು ಬರೆದದ್ದು

ಮೂಳೆ ವಾರ್ಡಿನ ಏಳನೇ ಮಂಚದ ಅಜ್ಜಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಸೊಂಟದ ಆಪರೇಷನ್ ಆದ ಮರುದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಅವರ ಬಳಿ ಅರ್ಧ ನಿಮಿಷವೂ ನಿಲ್ಲಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು, ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ಕರೆದರೆ ಉತ್ತರವಿಲ್ಲ. 'ಬಡಬಡಿಕೆ, ಕೈ ಚಡಪಡಿಕೆ' ಎಂದು ಬರೆದು, ದಿನಕ್ಕೆರಡು ಸಲ ಮಂಪರಿನ ಇಂಜೆಕ್ಷನ್ ಹೇಳಿ ಹೋದರು. ಹದಿನೆಂಟು ವರ್ಷದಿಂದ ನರ್ಸ್ ಆಗಿರುವ ನಾನು, ಮರುಮಾತಿಲ್ಲದೆ ಚುಚ್ಚಿದೆ.

ಎರಡು ದಿನ ಅಜ್ಜಿ ಕೊರಡಿನ ಹಾಗೆ ಬಿದ್ದಿದ್ದರು. ಎಬ್ಬಿಸಿ ನಡೆಸಬೇಕಿತ್ತು, ಆಗಲಿಲ್ಲ. ಬೆನ್ನಿನ ಚರ್ಮ ಕೆಂಪಾಗತೊಡಗಿತು. ಹೀಗೇ ಬಿಟ್ಟರೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಅಜ್ಜಿ ಮತ್ತೆ ಏಳುವುದಿಲ್ಲ.

ಮೂರನೇ ದಿನ ಸೊಸೆ ಬಂದು ಕೇಳಿದಳು: "ಸಿಸ್ಟರ್, ಅತ್ತೆ ಜಪ ಬಿಟ್ಬಿಟ್ರಾ? ಬೆಳಿಗ್ಗೆ ಅದು ಮುಗಿಯೋವರೆಗೂ ಮನೆಗೆ ಬೆಂಕಿ ಬಿದ್ರೂ ಮಾತಾಡೋರಲ್ಲ ಅವ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಎಕ್ಸ್‌ರೇಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡುಹಿಡಿಯುವ ಮಹಾನುಭಾವರಿಗೆ ಕಣ್ಣೆದುರಿನ ಜಪ ಕಾಣಲಿಲ್ಲವೇ? ನೇರ ಅವರ ಕೋಣೆಗೆ ನುಗ್ಗಿದೆ.

"ಸಾರ್, ಏಳನೇ ಮಂಚದ್ದು ಬಡಬಡಿಕೆ ಅಲ್ಲ, ಜಪ. ಇಂಜೆಕ್ಷನ್ ನಿಲ್ಲಿಸಿ."

"ನಂಗೇನ್ ಕನಸು ಬೀಳುತ್ತೇನ್ರೀ?" ಎಂದು ಫೈಲನ್ನು ನನ್ನತ್ತ ತಿರುಗಿಸಿದರು. "ಇದು ಯಾರ ಕೈಬರಹ, ನೋಡಿ."

ದಾಖಲಾತಿಯ ಫಾರಂ. 'ಪ್ರಾರ್ಥನೆ, ಜಪ, ಧ್ಯಾನದ ರೂಢಿ ಇದೆಯೇ?' ಎಂಬಲ್ಲಿ 'ಇಲ್ಲ' ಎಂಬಂತೆ ಒಂದು ಗೀಟು. ನನ್ನದೇ. ಅಲ್ಲಿ ನಾವೆಲ್ಲ ಕೇಳದೆಯೇ ಗೀಟೆಳೆಯುತ್ತೇವೆ. ಬಿಪಿ, ಸಕ್ಕರೆ, ಅಲರ್ಜಿ ಕೇಳುವಷ್ಟರಲ್ಲಿ ಮುಂದಿನ ಸ್ಟ್ರೆಚರ್ ಬಂದಿರುತ್ತದೆ. ಆ ಪ್ರಶ್ನೆ ಇರುವುದು ಆಸ್ಪತ್ರೆಯ ತಪಾಸಣೆಗೆ ಬರುವ ಅಧಿಕಾರಿಗಳ ಸಮಾಧಾನಕ್ಕೆ ಎಂದು ಹೊಸ ನರ್ಸುಗಳಿಗೆ ಹೇಳಿಕೊಟ್ಟವಳೂ ನಾನೇ. ನನ್ನ ಸಿಟ್ಟು ಇಳಿಯಲಿಲ್ಲ, ಅದರಲ್ಲಿ ನನಗೂ ಒಂದು ಪಾಲು ಬಂತು, ಅಷ್ಟೆ.

"ನನ್ನದೇ ಸಾರ್. ನಾನು ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ನಮ್ಮಿಬ್ರ ತಪ್ಪಿಗೆ ಅವ್ರಿಗ್ಯಾಕೆ ಸೂಜಿ? ನಾನಂತೂ ಇನ್ನು ಚುಚ್ಚಲ್ಲ. ಬೇಕಿದ್ರೆ ಮೇಲಿನವ್ರಿಗೆ ಕಂಪ್ಲೇಂಟ್ ಕೊಡಿ."

ಅವರು ದುರುಗುಟ್ಟಿ ನೋಡಿದರು. ಆಮೇಲೆ ಪೆನ್ನು ತೆಗೆದು ಇಂಜೆಕ್ಷನ್ನಿನ ಸಾಲು ಹೊಡೆದುಹಾಕಿದರು. ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿಗೆ ಎಚ್ಚರವಿತ್ತು. ತುಟಿ ಮೆಲ್ಲಗೆ ಆಡುತ್ತಿತ್ತು. ಖುಷಿಯಿಂದ ಹತ್ತಿರ ಹೋದೆ. ನನ್ನ ಯೂನಿಫಾರ್ಮ್ ಕಂಡದ್ದೇ ತಡ, ಅವರು ತುಟಿ ಬಿಗಿದುಕೊಂಡು ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟರು.

"ಏನೂ ಮಾಡ್ತಿಲ್ಲ ತಾಯಿ," ಎಂದರು. "ಸುಮ್ನೇ ಮಲ್ಗಿದ್ದೀನಿ."