ಅಂಗೈಯಲ್ಲಿ ವಿಭೂತಿ ಗಟ್ಟಿ

ಹುಕ್ಕೇರಿಯ ಬಟ್ಟೆ ಅಂಗಡಿಯಲ್ಲಿ ಸೋಮಶೇಖರ ಗಿರಾಕಿಗಳ ಮುಂದೆ ಮಾತಿಗೆ ನಿಂತರೆ ತರಿಸಿದ ಚಹಾ ಆರಿಹೋಗುತ್ತಿತ್ತು. ಮನೆಗೆ ಬಂದನೆಂದರೆ ಬಾಯಿಗೆ ಬೀಗ. ಎರಡು ವರ್ಷದ ಹಿಂದೆ ಘಟಪ್ರಭೆಯ ಆಸ್ಪತ್ರೆಯಲ್ಲಿ ಅವರ ಹೆಣ್ಣುಕೂಸು ಹುಟ್ಟುತ್ತಲೇ ತೀರಿಕೊಂಡಿತ್ತು. ಹೆಂಡತಿ ದಾಕ್ಷಾಯಿಣಿಗೆ ಎಚ್ಚರವಾಗುವಷ್ಟರಲ್ಲಿ ಹಿರಿಯರು ಎಲ್ಲ ಮುಗಿಸಿದ್ದರು. ಅಂದಿನಿಂದ ಅವನು ಆ ಸುದ್ದಿಯನ್ನೇ ಎತ್ತಿರಲಿಲ್ಲ. ಇವನಿಗೆ ಕರುಳೇ ಇಲ್ಲವೆಂದು ಅವಳು ನಂಬಿಬಿಟ್ಟಿದ್ದಳು. ಮೂಡಲಗಿಯ ತವರಿಗೆ ಹೊರಡಲು ಚೀಲವನ್ನೂ ತುಂಬಿದ್ದಳು. ಈ ಸಲ ತಿರುಗಿ ಬರುವ ಮನಸ್ಸಿರಲಿಲ್ಲ.

ನಿಡಸೋಸಿಯ ಕಾಲೇಜಿನಲ್ಲಿ ಪಾಠ ಮಾಡುವ ನಾದಿನಿ ದೀಪಾ ಮೊಬೈಲಿಗೆ ಗಂಡಹೆಂಡಿರ ಆನ್‌ಲೈನ್ ಕೋರ್ಸೊಂದನ್ನು ಕಳಿಸಿದಳು. "ವೈನಿ, ಇದೊಂದು ಪಾಠ ಇಬ್ಬರೂ ಕೂತು ನೋಡ್ರಿ. ಆಮ್ಯಾಲ ಬೇಕಾದ್ರ ಹೋಗ್ರಿ."

ಮೊಬೈಲು ನೋಡಿ ಸಂಸಾರ ಕಲಿಯುವ ಕಾಲ ಬಂತಲ್ಲ ಎಂದು ದಾಕ್ಷಾಯಿಣಿಗೆ ನಗುವೂ ಬಂತು, ಸಿಟ್ಟೂ ಬಂತು. ಆದರೂ ಭಾನುವಾರ ಮಧ್ಯಾಹ್ನ ಕೂತರು. ಪಾಠದ ಹೆಂಗಸು ಹೇಳಿದಳು: "ಒಂದು ವಸ್ತು ಹಿಡಿಯಿರಿ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಕೇಳಿದವರು ಅದನ್ನೇ ತಿರುಗಿ ಹೇಳಬೇಕು." ಅವಳು ತೋರಿಸಿದ್ದು ಒಂದು ಚಮಚ. ದಾಕ್ಷಾಯಿಣಿಯ ಕೈಗೆ ಸಿಕ್ಕಿದ್ದು ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿ. ಅದನ್ನೇ ಅವನ ಅಂಗೈಗೆ ಇಟ್ಟಳು.

ಸೋಮಶೇಖರ ಗಾಬರಿಯಾದ. ಅವರ ಮನೆತನದಲ್ಲಿ ವಿಭೂತಿ ಹಿಡಿದವರು ಸುಳ್ಳಾಡುವಂತಿಲ್ಲ, ಏನನ್ನೂ ಮುಚ್ಚಿಡುವಂತಿಲ್ಲ.

"ಇದನ್ಯಾಕ ಕೊಟ್ಟಿ? ಚಮಚಾ ತಾ."

"ಕೊಟ್ಟಾಗೇತಿ. ಮಾತಾಡ್ರಿ."

ಅವನು ವಿಭೂತಿಯನ್ನು ಕಣ್ಣಿಗೊತ್ತಿಕೊಂಡ.

"ಕೂಸನ್ನ ಮಣ್ಣಿಗೆ ಇಟ್ಟಾಂವ ನಾನ. ಎಲ್ಲಾರೂ ಬ್ಯಾಡ ಅಂದ್ರೂ ಅರಿವಿ ಸರಿಸಿ ಮಾರಿ ನೋಡಿದೆ. ನಿನ್ನ ಮೂಗು ಇತ್ತು. ಎಡಗಲ್ಲದ ಮ್ಯಾಲ ಸಣ್ಣ ಮಚ್ಚಿ. ತಲಿತುಂಬ ಕೂದಲಾ. ನಿನಗ ಹೇಳಿದ್ರ ನೀ ಜೀವಂತ ಉಳಿಯೂದಿಲ್ಲ ಅಂದ್ಲು ಅವ್ವ. ಬಾಯಿ ತೆಗದ್ರ ಅದ ಬರತೈತಿ ಅಂತ ಮನ್ಯಾಗ ಬಾಯಿನ ತೆಗೀಲಿಲ್ಲ."

ಎರಡು ವರ್ಷ ದಾಕ್ಷಾಯಿಣಿ ಮುಖವೇ ಕಾಣದ ಕೂಸಿಗಾಗಿ ಅತ್ತಿದ್ದಳು. ಆ ಮುಖ ಇದೇ ಮನೆಯಲ್ಲಿ, ಈ ಮೂಕ ಗಂಡಸಿನೊಳಗೆ, ಒಂದು ಮಚ್ಚೆಯೂ ಮಾಸದಂತೆ ಜೋಪಾನವಾಗಿತ್ತು. ಇಂಥ ದೊಡ್ಡದನ್ನು ಹೊತ್ತುಕೊಂಡು ದಿನಾ ತನ್ನೆದುರು ಕೂತು ರೊಟ್ಟಿ ತಿಂದಿದ್ದನಲ್ಲ! ಅವನನ್ನು ಇವತ್ತೇ ಮೊದಲು ಕಂಡವಳಂತೆ ನೋಡಿದಳು.

"ಈಗ ಕೇಳಿದ್ದನ್ನು ತಿರುಗಿ ಹೇಳಿ" ಎಂದಿತು ಮೊಬೈಲು.

"ನನ್ನ ಮೂಗು," ಎಂದಳು. "ಎಡಗಲ್ಲದ ಮ್ಯಾಲ ಮಚ್ಚಿ. ತಲಿತುಂಬ..."

ತನ್ನ ಸರದಿ ಮುಗಿಯಿತೆಂದು ಅವನು ವಿಭೂತಿಯನ್ನು ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.

"ನೀವ ಹಿಡೀರಿ. ಕೈಬೆರಳು ಹೆಂಗಿದ್ವು, ಹೇಳ್ರಿ."